ಹನ್ನೆರಡು ಲೀಡುಗಳು

ಜನವರಿ 17, ಗಂಗಾವತಿ

ಅಕ್ಕಿ ಗಿರಣಿಯ ಡಿ.ಜಿ. ಸೆಟ್ ನೋಡಿ ಬಂದೆ. ಆಲ್ಟರ್ನೇಟರ್ ಬೇರೆಲ್ಲೋ ರಿವೈಂಡ್ ಆಗಿ ಬಂದಿದೆ. ಲೈಟು, ಫ್ಯಾನು ಚೆನ್ನಾಗಿವೆ. ತ್ರೀ ಫೇಸ್ ಮೋಟಾರ್ ಮಾತ್ರ ಗುಂಯ್ ಎನ್ನುತ್ತ ಉಲ್ಟಾ ತಿರುಗಲು ನೋಡುತ್ತದೆ, ಬಲವೇ ಇಲ್ಲ. ನ್ಯೂಟ್ರಲ್‌ಗೆ ಮೀಟರ್ ಹಿಡಿದರೆ ಮೂರೂ ಫೇಸ್ 240. "ಮೂರೂ ಬರಾಕತ್ತಾವಲ್ಲಣ್ಣ, ಮೋಟಾರೇ ಸುಟ್ಟಿರಬೇಕು" ಅಂದ ಜೊತೆಗಿದ್ದ ಹುಡುಗ. ಫೇಸಿಂದ ಫೇಸಿಗೆ ಹಿಡಿದಾಗ ಗೊತ್ತಾಯಿತು: ಆರ್-ವೈ 415, ವೈ-ಬಿ 240, ಬಿ-ಆರ್ 240. ಬಿ ವೈಂಡಿಂಗನ್ನು ತಿರುವುಮುರುವು ಮಾಡಿ ಸ್ಟಾರಿಗೆ ಸೇರಿಸಿದ್ದಾರೆ. ಉಳಿದೆರಡರಿಂದ 120 ಡಿಗ್ರಿ ದೂರ ಇರಬೇಕಾದದ್ದು 60ಕ್ಕೆ ಬಂದು ನಿಂತಿದೆ.

ಅದೊಂದನ್ನು ಮಗುಚಿ ಕಟ್ಟಿದರೆ ಗಿರಣಿ ಓಡುತ್ತಿತ್ತು. ಆದರೆ ಹನ್ನೆರಡು ಲೀಡುಗಳಲ್ಲಿ ಒಂದಕ್ಕೂ ನಂಬರಿಲ್ಲ. ಹಾಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಜನವರಿ 19

ಎಲ್ಲ ಬಿಚ್ಚಿದೆವು. ಕಂಟಿನ್ಯೂಟಿ ನೋಡಿ ಆರು ಕಾಯಿಲ್ ಬೇರೆ ಮಾಡಿ, ಎವಿಆರ್ ತೆಗೆದು, ಬ್ಯಾಟರಿಯಿಂದ ರಿಯೋಸ್ಟ್ಯಾಟ್ ಮೂಲಕ ಎಕ್ಸೈಟರ್ ಫೀಲ್ಡಿಗೆ ಸ್ವಲ್ಪವೇ ಕರೆಂಟ್ ಕೊಟ್ಟೆ. 1500 ಆರ್‌ಪಿಎಂನಲ್ಲಿ ಪ್ರತಿ ಕಾಯಿಲಿಗೂ 30 ವೋಲ್ಟ್. ಇನ್ನು ಎರಡೆರಡನ್ನೇ ಸೀರೀಸ್ ಕಟ್ಟುವುದು. ಸೆಟ್ ನಿಲ್ಲಿಸಿ ಕಟ್ಟು, ಓಡಿಸಿ ಅಳೆ.

ಈ ಕೆಲಸ ನನಗೆ ತುಂಬ ಇಷ್ಟ. ವೋಲ್ಟ್ ಮೀಟರ್ ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾವ ಕಡೆಗೆ ಎಂದು ಹೇಳುವುದಿಲ್ಲ. ಎರಡು ಕಾಯಿಲ್ ಕೂಡಿಸಿ ಕೇಳಿದರೆ ಅದನ್ನೂ ಹೇಳಿಬಿಡುತ್ತದೆ. 60 ಬಂದರೆ ಒಂದೇ ಫೇಸಿನವು, ಒಂದೇ ದಿಕ್ಕು. ಸೊನ್ನೆ ಬಂದರೆ ಒಂದೇ ಫೇಸು, ಎದುರು ದಿಕ್ಕು. 30 ಬಂದರೆ ಬೇರೆ ಬೇರೆ ಫೇಸು, ನಡುವೆ 120 ಡಿಗ್ರಿ. 52 ಬಂದರೂ ಬೇರೆ ಫೇಸೇ, ಆದರೆ ಒಂದು ಮಗುಚಿದೆ, 30ನ್ನು 1.732ರಿಂದ ಗುಣಿಸಿದ್ದು. ಈ ನಾಲ್ಕು ಬಿಟ್ಟು ಬೇರೆ ಉತ್ತರ ಬರಲೇ ಇಲ್ಲ.

"ಸೊನ್ನೆ ಬಂದ್ರ ಲುಕ್ಸಾನ ಏನಣ್ಣ?" ಎಂದು ಕೇಳಿದ ಹುಡುಗ. ಸೀರೀಸಿನಲ್ಲಿ ಏನೂ ಇಲ್ಲ, ವೋಲ್ಟೇಜ್ ಬರುವುದಿಲ್ಲ ಅಷ್ಟೆ. ಅದೇ ಜೋಡಿಯನ್ನು ಉಲ್ಟಾ ಪ್ಯಾರಲಲ್ ಕಟ್ಟಿ ಪೂರ್ತಿ ಎಕ್ಸೈಟ್ ಮಾಡಿದರೆ 120ಕ್ಕೆ 120 ಸೇರಿ ಕರೆಂಟ್ ಒಳಗೊಳಗೇ ಸುತ್ತುತ್ತದೆ. ಹೊರಗೆ ಒಂದು ಬಲ್ಬಿನ ಲೋಡೂ ಬೇಡ, ವಾರ್ನಿಷ್ ವಾಸನೆ ಮೂಗಿಗೆ ಬರುವಷ್ಟರಲ್ಲಿ ವೈಂಡಿಂಗ್ ಹೋಗಿರುತ್ತದೆ. ನಂಬರಿಲ್ಲದ ಲೀಡು ಹೊರಗೆ ಬಿಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಜನವರಿ 20

ಲೀಡುಗಳಿಗೆ ಫೆರೂಲ್ ಹಾಕಿಸಿದೆ. 4-7, 5-8, 6-9 ಕೂಡಿಸಿ, 10-11-12 ನ್ಯೂಟ್ರಲ್ ಮಾಡಿ, 1-2-3 ಹೊರಗೆ. ಎವಿಆರ್ ಹಾಕಿ ಓಡಿಸಿದರೆ ಮೂರು ಕಡೆಯೂ 415. ಫೇಸ್ ಸೀಕ್ವೆನ್ಸ್ ನೋಡಿಯೇ ಮೋಟಾರಿಗೆ ಕೊಟ್ಟದ್ದು. ಗಿರಣಿಯ ಎಲಿವೇಟರ್ ಹಿಂದಕ್ಕೆ ತಿರುಗಬಾರದು.

ಡೆಲ್ಟಾ ಆಗಿದ್ದರೆ ಹೇಗೆ ಎಂದು ಹುಡುಗನಿಗೆ ಕುತೂಹಲ. ಕೊನೆಯ ಮೂಲೆ ಮುಚ್ಚುವ ಮೊದಲು ಅಲ್ಲೇ ಮೀಟರ್ ಹಿಡಿ ಅಂದೆ. ಪ್ರತಿ ವೈಂಡಿಂಗ್ 240 ಇದ್ದು ಎಲ್ಲ ಸರಿಯಿದ್ದರೆ ಸೊನ್ನೆಗೆ ಹತ್ತಿರ, ಒಂದು ಮಗುಚಿದ್ದರೆ 480. ಥರ್ಡ್ ಹಾರ್ಮೋನಿಕ್‌ನಿಂದ ಕೆಲವು ವೋಲ್ಟ್ ಕಂಡರೆ ಗಾಬರಿ ಬೇಡ. ಅದು ಮೂರೂ ಫೇಸಿನಲ್ಲಿ ಒಟ್ಟಿಗೆ ಏಳುವುದರಿಂದ ಅಲ್ಲಿ ಕಳೆಯುವುದಿಲ್ಲ, ಕೂಡುತ್ತದೆ.