ಹನ್ನೆರಡು ಡಾಲರಿನ ಪಾಠ

ಯುಗಾದಿ ಹತ್ತಿರ ಬಂತೆಂದರೆ ಕಲಬುರಗಿಯ ಆ ಮನೆಯ ಯಜಮಾನರಿಗೆ ಒಂದು ಕೆಲಸ ಕಾದಿರುತ್ತದೆ. ಅಟ್ಟದ ಮೇಲಿನ ಏರ್ ಕೂಲರನ್ನು ಕೆಳಗಿಳಿಸಬೇಕು. ತೊಟ್ಟಿಯಲ್ಲಿ ಕಟ್ಟಿದ ಉಪ್ಪಿನ ಪದರವನ್ನು ಉಜ್ಜಿ ತೆಗೆಯಬೇಕು. ಹಳೆಯ ಹುಲ್ಲು ಕಿತ್ತು ಹೊಸದನ್ನು ತುಂಬಬೇಕು. ಫ್ಯಾನಿಗೆ ಎರಡು ಹನಿ ಎಣ್ಣೆ ಬಿಡಬೇಕು. ಅರ್ಧ ದಿನದ ಈ ಕೆಲಸ ನಡೆಯುವಾಗ ಮಗಳು ಹತ್ತಿರ ಬಂದರೆ ಅವರು ಹೇಳುತ್ತಿದ್ದುದು ಒಂದೇ ಮಾತು: "ನಿಂಗ್ಯಾಕವ್ವ ಇದೆಲ್ಲಾ? ನೀ ಓದ್ಕೋ ಹೋಗು."

ಮಗಳು ಓದಿದಳು. ಎಂಜಿನಿಯರಿಂಗ್ ಮುಗಿಸಿ 2023ರ ಆಗಸ್ಟ್‌ನಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಹೊರಟಳು. ತಾಯಿಗೆ ಇದ್ದದ್ದು ಚಳಿಯ ಭಯ. ಸ್ವೆಟರು, ಉಣ್ಣೆಯ ಟೋಪಿ, ಕಾಲುಚೀಲಗಳಿಂದಲೇ ಪೆಟ್ಟಿಗೆ ತುಂಬಿತು. ಆ ಭಯ ಸುಳ್ಳೇನಲ್ಲ. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿರುವ ಡೆನ್ವರ್‌ನಲ್ಲಿ ಚಳಿಗಾಲದ ಕೆಲವು ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಆದರೆ ಅದೇ ಊರಿನಲ್ಲಿ 2018ರ ಜೂನ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತ್ತು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಲಬುರಗಿಯ ಹುಡುಗಿಗೆ ಸೆಕೆಯ ವಿಷಯ ಹೇಳಿಕೊಡುವವರಾದರೂ ಯಾರು?

ನಾಲ್ವರು ವಿದ್ಯಾರ್ಥಿನಿಯರು ಸೇರಿ ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದರು. ನೆಲಮಾಳಿಗೆಯಲ್ಲಿ ಒಂದು ಕುಲುಮೆ. ಅದು ಬಿಸಿಮಾಡಿದ ಗಾಳಿಯನ್ನು ದೊಡ್ಡ ಫ್ಯಾನೊಂದು ತಗಡಿನ ಕೊಳವೆಗಳ ಮೂಲಕ ಕೋಣೆಕೋಣೆಗೆ ಕಳಿಸುತ್ತದೆ. ಬೇಸಿಗೆಯಲ್ಲಿ ತಂಪುಗಾಳಿ ಬರುವುದೂ ಅದೇ ಫ್ಯಾನಿನಿಂದ, ಅದೇ ಕೊಳವೆಗಳಲ್ಲಿ. ಗಾಳಿ ಒಳಹೋಗುವ ದಾರಿಯಲ್ಲಿ ರಟ್ಟಿನ ಚೌಕಟ್ಟಿನ ಒಂದು ಫಿಲ್ಟರ್ ಇರುತ್ತದೆ. ಬೆಲೆ ಹನ್ನೆರಡು ಡಾಲರ್. ಒಂದರಿಂದ ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸುವುದು ಬಾಡಿಗೆದಾರರ ಹೊಣೆ ಎಂದು ಕರಾರುಪತ್ರದ ಏಳನೆಯ ಪುಟದಲ್ಲಿ ಬರೆದಿತ್ತು. ನಾಲ್ವರೂ ಸಹಿ ಹಾಕಿದ್ದರು. ಏಳನೆಯ ಪುಟವನ್ನು ಓದಿದವರು ಒಬ್ಬರೂ ಇರಲಿಲ್ಲ.

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕುಲುಮೆ ಉರಿಯಿತು. ಒಣ ಹವೆಯ ಧೂಳು, ರತ್ನಗಂಬಳಿಯ ಎಳೆ, ನಾಲ್ವರ ಕೂದಲು ಎಲ್ಲವೂ ಆ ಫಿಲ್ಟರಿನಲ್ಲಿ ಸೇರುತ್ತಾ ಹೋದವು. 2024ರ ಜೂನ್‌ನಲ್ಲಿ ಸೆಕೆ ಶುರುವಾಗಿ ಹವಾನಿಯಂತ್ರಕ ಹಾಕಿದರು. ಮೊದಲ ದಿನ ತಂಪಾಯಿತು, ಎರಡನೆಯ ದಿನ ಗಾಳಿ ಕಡಿಮೆಯಾಯಿತು. ಮೂರನೆಯ ದಿನ ಗಾಳಿಯೇ ಇಲ್ಲ, ನೆಲಮಾಳಿಗೆಯಲ್ಲಿ ನೀರು. ಅದು ಶನಿವಾರ. ದುರಸ್ತಿಗೆ ಬಂದಾತ ತಗಡಿನ ಮುಚ್ಚಳ ಬಿಚ್ಚಿದರೆ ಒಳಗೆ ತಾಮ್ರದ ಸುರುಳಿಯ ಸುತ್ತ ಬಿಳಿಯ ಮಂಜುಗಡ್ಡೆ! ಹೊರಗೆ ಉರಿಬಿಸಿಲು, ಮನೆಯೊಳಗೆ ಹಿಮ.

ಕಾರಣ ಸರಳ. ಆ ಸುರುಳಿ ಕೋಣೆಯ ಗಾಳಿಯಿಂದ ಶಾಖ ಹೀರಿಕೊಳ್ಳಬೇಕು. ಫಿಲ್ಟರ್ ಕಟ್ಟಿಕೊಂಡು ಗಾಳಿಯೇ ಬರದಿದ್ದರೆ ಹೀರಲು ಶಾಖವಿಲ್ಲ. ಸುರುಳಿ ತಣ್ಣಗಾಗುತ್ತಾ ಸೊನ್ನೆಗಿಂತ ಕೆಳಗಿಳಿಯುತ್ತದೆ, ಗಾಳಿಯಲ್ಲಿದ್ದ ಅಷ್ಟಿಷ್ಟು ತೇವವೂ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪು ಕಟ್ಟಿದಷ್ಟೂ ಗಾಳಿಗೆ ದಾರಿ ಇನ್ನಷ್ಟು ಮುಚ್ಚುತ್ತದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಆರನೇ ಐದರಷ್ಟು ಮಾತ್ರ. ಗಾಳಿಯೇ ತೆಳುವಾಗಿರುವ ಊರಿನಲ್ಲಿ ಇರುವ ದಾರಿಯನ್ನೂ ಮುಚ್ಚಿದರೆ ಯಂತ್ರ ಏನು ಮಾಡೀತು?

ಹೊರಗಿನ ಪೆಟ್ಟಿಗೆಯ ಸ್ಥಿತಿಯೂ ಅಷ್ಟೇ. ಮೇ ಕೊನೆ, ಜೂನ್ ಹೊತ್ತಿಗೆ ಅಲ್ಲಿನ ಕಾಟನ್‌ವುಡ್ ಮರಗಳು ಬೂರುಗದ ಅರಳೆಯಂಥ ಬೀಜಗಳನ್ನು ಗಾಳಿಗೆ ಬಿಡುತ್ತವೆ. ಆ ಅರಳೆ ಪೆಟ್ಟಿಗೆಯ ಸುತ್ತ ಕಂಬಳಿಯಂತೆ ಹೊದ್ದುಕೊಂಡಿತ್ತು. ವಿದ್ಯುತ್ ಸಂಪರ್ಕ ತೆಗೆದು, ತೋಟದ ಕೊಳವೆಯಿಂದ ಮೆಲ್ಲಗೆ ನೀರು ಬಿಟ್ಟರೆ ಹೋಗುವ ಕೊಳೆ ಅದು. ಆತ ಹಾಗೆಯೇ ಮಾಡಿದ. ಹಿಮ ಕರಗಲು ಬಿಟ್ಟ, ಹೊಸ ಫಿಲ್ಟರ್ ಹಾಕಿದ, ಚೀಟಿ ಬರೆದ: 240 ಡಾಲರ್. ತಪ್ಪು ಬಾಡಿಗೆದಾರರದ್ದೆಂದು ಮನೆಯ ಮಾಲೀಕರು ಕೈತೊಳೆದುಕೊಂಡರು.

ತಲೆಗೆ 60 ಡಾಲರ್. ಎರಡು ವಾರದ ದಿನಸಿಯ ದುಡ್ಡು. ಮಗಳು ಮನೆಗೆ ಹೇಳಲಿಲ್ಲ. ಬ್ಯಾಂಕಿನ ಸಾಲ ತೆಗೆದು ಕಳಿಸಿದ ಅಪ್ಪನಿಗೆ ಇದನ್ನೂ ಹೇಳುವುದೇ? ಆದರೆ ತಾಯಂದಿರ ಕಿವಿ ಸೂಕ್ಷ್ಮ. ಹತ್ತು ದಿನದ ಮೇಲೆ ಫೋನಿನಲ್ಲಿ ಮಾತು ತಡವರಿಸಿದಾಗ ವಿಷಯ ಹೊರಬಿತ್ತು. ತಾಯಿ ಮೊದಲು ಗುಣಾಕಾರ ಮಾಡಿದರು. "ಎಲ್ಲಾ ಸೇರಿ ಇಪ್ಪತ್ತು ಸಾವಿರ ರೂಪಾಯಿ!" ತಂದೆ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಜಾಳಿಗಿ ಬಿಚ್ಚಿ ನೋಡಿದ್ದೇನು?"

ಇಂಥ ಯಂತ್ರವನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಗಾಳಿ ಹೋಗುವಲ್ಲಿ ಧೂಳು ಕೂರುತ್ತದೆ, ನೀರು ಹೋಗುವಲ್ಲಿ ಉಪ್ಪು ಕೂರುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಶಾಖ ವರ್ಗಾವಣೆಯ ಸಮೀಕರಣಗಳನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದ ಮಗಳಿಗೆ ಗೊತ್ತಿರಲಿಲ್ಲ. ಆಕೆ ನಕ್ಕಳು. ತಂದೆ ನಗಲಿಲ್ಲ. "ತಪ್ಪು ನಂದೂ ಐತಿ. ಕರೆದು ತೋರಿಸಬೇಕಿತ್ತು" ಎಂದರು.

ಅಂದಿನಿಂದ ತಂದೆ ಮಗಳ ಮಾತಿಗೆ ಹೊಸ ವಿಷಯ ಸಿಕ್ಕಿತು. ಪಕ್ಕದ ಮನೆಯ ಮೇಲೆ ನೀರಿನ ಕೂಲರ್ ಇದೆ ಎಂದು ಮಗಳು ತೋರಿಸಿದಾಗ ಅವರಿಗೆ ಊರವರನ್ನೇ ಕಂಡಷ್ಟು ಸಂತೋಷ. ಹವಾನಿಯಂತ್ರಕ ಹುಟ್ಟಿದ್ದೇ ತೇವವನ್ನು ಹಿಡಿತಕ್ಕೆ ತರಲು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅದನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿ ತೇವಕ್ಕೆ ಕಾಗದ ಉಬ್ಬಿ ಬಣ್ಣಗಳು ಜಾಗ ತಪ್ಪುತ್ತಿದ್ದವು. ಡೆನ್ವರ್‌ನ ಒಣ ಹವೆಯಲ್ಲಿ ಆ ಕಾಟವಿಲ್ಲ. ನೀರು ಆವಿಯಾಗುವಾಗ ಶಾಖ ಹೀರುತ್ತದೆ ಎಂಬ ಮಣ್ಣಿನ ಮಡಕೆಯ ಗುಟ್ಟೇ ಅಲ್ಲಿ ಸಾಕು. ಕೂಲರ್ ಬಳಸುವ ವಿದ್ಯುತ್ತು ಹವಾನಿಯಂತ್ರಕದ ಸುಮಾರು ಕಾಲುಭಾಗ.

ಆದರೆ ಅದಕ್ಕೂ ಸೇವೆ ತಪ್ಪಿದ್ದಲ್ಲ. ಹಿಮ ಬೀಳುವ ಮೊದಲೇ ನೀರು ಪೂರ್ತಿ ಬಸಿಯಬೇಕು, ಇಲ್ಲವಾದರೆ ಕೊಳವೆ ಒಡೆಯುತ್ತದೆ. ಕಾಡ್ಗಿಚ್ಚಿನ ಕಾಲದಲ್ಲಿ ಕೂಲರ್ ಹೊರಗಿನ ಹೊಗೆಯನ್ನೇ ಒಳಗೆ ಎಳೆಯುತ್ತದೆ. 2020ರಲ್ಲಿ ಕೊಲೊರಾಡೊದ ಕಾಡುಗಳು ಉರಿದಾಗ ಹಲವರಿಗೆ ಕಿಟಕಿ ಮುಚ್ಚಿ ಕೂರುವುದು ಅನಿವಾರ್ಯವಾಗಿತ್ತು. ಅಂಥ ದಿನಗಳಲ್ಲಿ ಹವಾನಿಯಂತ್ರಕವೇ ಮೇಲು.

ವರ್ಷದಲ್ಲಿ ಮೂರು ತಿಂಗಳು ಓಡುವ ಯಂತ್ರಕ್ಕೆ ಮೂರೇ ತಿಂಗಳ ಖರ್ಚು ಎಂಬುದು ಎಲ್ಲರ ಲೆಕ್ಕ. ಸುಮ್ಮನಿದ್ದ ಒಂಬತ್ತು ತಿಂಗಳ ಧೂಳು ಆ ಲೆಕ್ಕದಲ್ಲಿ ಬರುವುದಿಲ್ಲ. ಮಗಳು ಈಗ ಬೇರೆ ಲೆಕ್ಕ ಕಲಿತಿದ್ದಾಳೆ. ಹೊಸ ಫಿಲ್ಟರಿನ ಅಂಚಿನಲ್ಲಿ ಪೆನ್ನಿನಿಂದ ತಾರೀಖು ಬರೆಯುತ್ತಾಳೆ. ವಸಂತದ ತಣ್ಣನೆಯ ದಿನಗಳಲ್ಲಿ ಯಂತ್ರ ಹಾಕುವುದಿಲ್ಲ, ಕಂಪ್ರೆಸರಿಗೆ ಅದು ಪೆಟ್ಟು. ಜುಲೈನಲ್ಲೂ ರಾತ್ರಿ 15-16 ಡಿಗ್ರಿಗೆ ಇಳಿಯುವುದರಿಂದ ಸಂಜೆ ಕಿಟಕಿ ತೆರೆದು ಬೆಳಿಗ್ಗೆ ಮುಚ್ಚುತ್ತಾಳೆ. ಈ ತಂಪಿಗೆ ಬಿಲ್ಲು ಬರುವುದಿಲ್ಲ.

2025ರ ಯುಗಾದಿಗೆ ಕಲಬುರಗಿಯ ಅಟ್ಟದಿಂದ ಕೂಲರ್ ಇಳಿಯಿತು. ಕಿರಿಯ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಿತ್ತು. "ಅವನು ಓದಲಿ, ಬಿಡ್ರಿ" ಎಂದು ತಾಯಿ ಒಳಗಿನಿಂದ ಕೂಗಿದರು.

"ಅರ್ಧ ತಾಸಿನ ಕೆಲಸ" ಎಂದ ತಂದೆ, ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು.