ಹಾವಿನ ದ್ವೀಪದ ಪಕ್ಕದಲ್ಲಿ ನಾಲ್ವರ ಕೂಟ!

ಪುಲಾವ್ ತೀಗಾ! ಹೆಸರು ಕೇಳಿ ಬಾಯಲ್ಲಿ ನೀರೂರಿಸಬೇಡಿ ಮಿತ್ರರೇ. ಇದು ಊಟದ ಪಲಾವ್ ಅಲ್ಲ. ಮಲಯ ಭಾಷೆಯಲ್ಲಿ 'ಪುಲಾವ್' ಎಂದರೆ ದ್ವೀಪ, 'ತೀಗಾ' ಎಂದರೆ ಮೂರು. ಬೋರ್ನಿಯೋದಲ್ಲಿ ಮಲೇಷ್ಯಾಕ್ಕೆ ಸೇರಿದ ಸಬಾ ರಾಜ್ಯವಿದೆಯಲ್ಲ, ಅದರ ಕಡಲಲ್ಲಿ ಅಕ್ಕಪಕ್ಕ ಕುಳಿತ ಮೂರು ದ್ವೀಪಗಳಲ್ಲಿ ದೊಡ್ಡದು ಇದು. ಇಲ್ಲಿ ಒಂದು ಚಿತ್ರೀಕರಣ ನಡೆಯಿತು. ಕಥೆ ಬರೆದಿರಲಿಲ್ಲ, ಡೈಲಾಗ್ ಬರೆದಿರಲಿಲ್ಲ, ನಾಯಕ ಯಾರು, ಖಳನಾಯಕ ಯಾರು ಅಂತ ಯಾರೂ ನಿಶ್ಚಯಿಸಿರಲಿಲ್ಲ. ಆದರೂ 2000ದ ಆಗಸ್ಟ್ 23ರ ರಾತ್ರಿ ಅದರ ಕೊನೆಯ ಕಂತು ನೋಡಲು ಅಮೆರಿಕದಲ್ಲಿ 5 ಕೋಟಿಗೂ ಮಿಕ್ಕಿದ ಜನ ಟಿ.ವಿ. ಮುಂದೆ ಕೂತಿದ್ದರು!

ಆ ಕಾರ್ಯಕ್ರಮದ ಹೆಸರು 'ಸರ್ವೈವರ್'. ಇವತ್ತು ನಾವು ಟಿ.ವಿ.ಯಲ್ಲಿ ನೋಡುವ ಗುಂಪುಗಾರಿಕೆ, ಒಳಒಪ್ಪಂದ, ಬೆನ್ನಿಗೆ ಚೂರಿ, ಇದಕ್ಕೆಲ್ಲ ಪಾಠಶಾಲೆ ಇದೇ ದ್ವೀಪ. ಸಿನಿಮಾ ಲೊಕೇಶನ್ನುಗಳನ್ನು ಹುಡುಕಿಕೊಂಡು ಅಲೆಯುವ ನನಗೆ ಈ ಪಾಠಶಾಲೆಯನ್ನೂ ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು.

ಕೆಸರಿನಿಂದ ಹುಟ್ಟಿದ ನೆಲ

ಸಬಾ ರಾಜಧಾನಿ ಕೋಟಾ ಕಿನಬಾಲುವಿನಿಂದ ಕಾರಿನಲ್ಲಿ ಸುಮಾರು ಎರಡು ತಾಸು ತೆಂಕಣ ದಿಕ್ಕಿಗೆ ಹೋದರೆ ಕ್ವಾಲಾ ಪೆನ್ಯೂ ಎಂಬ ಸಣ್ಣ ಊರು. ಅಲ್ಲಿಂದ ಮೋಟಾರು ದೋಣಿ. ಅಲೆ ಬಡಿದಾಗಲೆಲ್ಲ ದೋಣಿ ಎಗರಿ ಬೀಳುತ್ತಿತ್ತು. ನಾನು ಹಲಗೆ ಹಿಡಿದು ಕೂತಿದ್ದೆ. ದೋಣಿಯವನು ಮಾತ್ರ ನಮ್ಮ ಸಿಟಿ ಬಸ್ ಡ್ರೈವರಿನ ಹಾಗೆ ನಿಶ್ಚಿಂತೆ!

ದಡ ಮುಟ್ಟಿದಾಗ ಎದುರಿಗೆ ದಟ್ಟ ಕಾಡು. ಉದ್ದ ಬಾಲದ ಕೋತಿಗಳು, ಮೊಸಳೆ ಮರಿಯಂಥ ಉಡಗಳು. 1978ರಿಂದ ಇದು ಸರ್ಕಾರದ ರಕ್ಷಿತ ಉದ್ಯಾನ. 1897ರಲ್ಲಿ ಸಮುದ್ರದ ತಳದಿಂದ ಕೆಸರಿನ ಜ್ವಾಲಾಮುಖಿ ಉಕ್ಕಿ ಈ ದ್ವೀಪ ರೂಪುಗೊಂಡಿತು. ಈಗಲೂ ಕಾಡಿನ ಮಧ್ಯೆ ಬೂದು ಬಣ್ಣದ ಕೆಸರಿನ ಹೊಂಡವಿದೆ, ಗುಳುಗುಳು ಗುಳ್ಳೆ ಬರುತ್ತದೆ. ನಾನೂ ಇಳಿದೆ. ಮುಳುಗಬೇಕೆಂದರೂ ಮುಳುಗಲಾಗದು ಸ್ವಾಮಿ, ಕೆಸರೇ ಮೇಲೆತ್ತಿ ಹಿಡಿಯುತ್ತದೆ. ಮೇಲೆ ಬಂದಾಗ ನನ್ನ ಗುರುತು ನನಗೇ ಹತ್ತಲಿಲ್ಲ!

ಹದಿನಾರು ಜನ, ಒಬ್ಬನೇ ಗೆಲ್ಲುವವ

ಇಲ್ಲಿಗೆ 2000ದ ಮಾರ್ಚಿಯಲ್ಲಿ 16 ಮಂದಿಯನ್ನು ತಂದು ಬಿಟ್ಟರು. 39 ದಿನದ ಆಟ. ಗೆದ್ದವರಿಗೆ 10 ಲಕ್ಷ ಡಾಲರ್. ಎಂಟೆಂಟು ಜನರ ಎರಡು ಪಾಳೆಯ. ಒಂದರ ಹೆಸರು ತಾಗಿ, ಇನ್ನೊಂದು ಪಗಾಂಗ್. ಎರಡೂ ಇಲ್ಲಿನ ಕಡಲತಡಿಗಳ ಹೆಸರುಗಳೇ. ತಿನ್ನಲು ಅಕ್ಕಿ, ಸಿಕ್ಕರೆ ಮೀನು, ಅದೂ ಇಲ್ಲದಿದ್ದರೆ ಇಲಿ! ಹೌದು, ಸುಟ್ಟ ಇಲಿ.

ಪಂದ್ಯದಲ್ಲಿ ಸೋತ ಪಾಳೆಯದವರು ರಾತ್ರಿ ಪಂಜು ಹಿಡಿದು ಪಂಚಾಯ್ತಿ ಕಟ್ಟೆಗೆ ಬರಬೇಕು, ತಮ್ಮಲ್ಲೇ ಒಬ್ಬರ ಹೆಸರು ಚೀಟಿಯಲ್ಲಿ ಬರೆದು ಹೊರಹಾಕಬೇಕು. ಹೋದವರ ಪಂಜು ಆರಿಸುತ್ತಾರೆ. ಮೊದಲು ಹೋದವರು ಸೋನ್ಯಾ ಎಂಬ 63ರ ಅಜ್ಜಿ. ಆಗಿನ್ನೂ ಎಲ್ಲರ ಲೆಕ್ಕ ಸರಳ: ದುರ್ಬಲರು ಹೋಗಲಿ, ಪಾಳೆಯ ಗಟ್ಟಿಯಾಗಲಿ.

ಒಬ್ಬನ ಲೆಕ್ಕ ಮಾತ್ರ ಬೇರೆ ಇತ್ತು. ಅವನೇ ರಿಚರ್ಡ್ ಹ್ಯಾಚ್. ಕಂಪನಿಗಳಲ್ಲಿ ತರಬೇತಿ ಕೊಡುವುದು ಅವನ ವೃತ್ತಿ. ದೊಡ್ಡ ಹೊಟ್ಟೆ, ಗಡ್ಡ, ದ್ವೀಪದಲ್ಲಿ ಬಟ್ಟೆಯಿಲ್ಲದೆ ಓಡಾಡುವ ಭಂಡ ಧೈರ್ಯ. ಈಟಿಯಿಂದ ಮೀನು ಹೊಡೆದು ತರುತ್ತಿದ್ದ. ಅವನನ್ನು ಕಳಿಸಿದರೆ ಊಟಕ್ಕೆ ಏನು ಮಾಡೋದು ಅಂತ ಉಳಿದವರಿಗೆ ಯೋಚನೆ. ಹೊಟ್ಟೆಯ ಮೂಲಕ ಹಿಡಿತ ಸಾಧಿಸುವುದೆಂದರೆ ಇದೇ!

ಅವನು ಮೂವರನ್ನು ಜೊತೆಗೆ ಸೇರಿಸಿಕೊಂಡ. ಲಾರಿ ಓಡಿಸುವ ಸೂ ಹಾಕ್, ನದಿಯಲ್ಲಿ ದೋಣಿ ನಡೆಸುವ ಹುಡುಗಿ ಕೆಲ್ಲಿ, ಮತ್ತು 72ರ ರೂಡಿ ಬೋಶ್, ನೌಕಾಪಡೆಯ ಹಳೇ ಕಮಾಂಡೋ. ರಿಚರ್ಡ್ ತಾನು ಸಲಿಂಗಪ್ರೇಮಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು. ರೂಡಿಗೆ ಅಂಥವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ನೋಡಿ ವಿಚಿತ್ರ, ಕೊನೆಯವರೆಗೂ ಬಿರುಕು ಬಿಡದೆ ನಿಂತದ್ದು ಈ ಇಬ್ಬರ ನಂಟೇ!

ಒಳ್ಳೆಯವರು ಸೋತ ಬಗೆ

ಪಗಾಂಗ್ ತೀರದಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕೂತಿದ್ದೆ. ಬಿಳಿ ಮರಳು, ತಿಳಿ ನೀರು. ಇಲ್ಲಿದ್ದ ಎಂಟು ಜನ ನಗುನಗುತ್ತಾ ಕಾಲ ಕಳೆದರು. ಗುಂಪು ಕಟ್ಟಿ ಒಬ್ಬರನ್ನು ಹೊಡೆದುರುಳಿಸುವುದು ಅನ್ಯಾಯ, ಓಟು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಎಂಬುದು ಅವರ ನಂಬಿಕೆ.

ಎರಡು ಪಾಳೆಯ ಒಂದಾದಾಗ ಉಳಿದಿದ್ದವರು ಹತ್ತು ಜನ, ಅರ್ಧಕ್ಕರ್ಧ. ಮೊದಲ ರಾತ್ರಿಯೇ ಪಗಾಂಗಿನ ಗ್ರೆಚನ್ ಮೇಲೆ ನಾಲ್ಕು ಚೀಟಿ ಬಿದ್ದವು. ಮಿಕ್ಕ ಆರು ಚೀಟಿಗಳು ಆರು ಕಡೆ ಚೆದುರಿಹೋದವು. ಹತ್ತರಲ್ಲಿ ನಾಲ್ಕೇ ಬಹುಮತ! ಗ್ರೆಚನ್ ಯಾರು ಗೊತ್ತೆ? ಅಮೆರಿಕದ ವಾಯುಪಡೆಯಲ್ಲಿ ಕಾಡಿನಲ್ಲಿ ಬದುಕುಳಿಯುವ ವಿದ್ಯೆ ಕಲಿಸಿದವಳು. ಕಾಡು ಅವಳನ್ನು ಸೋಲಿಸಲಿಲ್ಲ, ಕೂಡುವ ಲೆಕ್ಕ ಸೋಲಿಸಿತು.

ತಾಗಿಯ ಡಾಕ್ಟರ್ ಶಾನ್ ಮಾಡಿದ್ದಂತೂ ಇನ್ನೂ ತಮಾಷೆ. ಯಾರ ಮನಸ್ಸೂ ನೋಯದಿರಲಿ ಅಂತ ಅಕ್ಷರಮಾಲೆಯ ಕ್ರಮದಲ್ಲಿ ಓಟು ಹಾಕಲು ಶುರುಮಾಡಿದ! ಈ ಸಲ ಅವನ ಓಟು ಯಾರಿಗೆ ಅಂತ ಮೊದಲೇ ಗೊತ್ತಾದರೆ ಕೂಟಕ್ಕೆ ಇನ್ನೇನು ಬೇಕು? ಅವನ ಓಟಿನ ಜೊತೆ ತಮ್ಮವನ್ನು ಸೇರಿಸಿದರು. ಜೆನ್ನಾ ಹೊರಗೆ! ಒಬ್ಬೊಬ್ಬರಾಗಿ ಪಗಾಂಗಿನವರೆಲ್ಲ ಖಾಲಿಯಾದರು. ಆಮೇಲೆ ಡಾಕ್ಟರೂ ಹೋದ.

ಕೈ ತೆಗೆದವನೇ ಜಾಣ

ಉಳಿದದ್ದು ಆ ನಾಲ್ವರೇ. ಹೊರಗೆ ಶತ್ರುಗಳಿಲ್ಲ. ಹಾಗಾದರೆ ಇನ್ನು ಕತ್ತಿ ಯಾರ ಮೇಲೆ? ಗೆಳತಿಯರಾದ ಸೂ ಮತ್ತು ಕೆಲ್ಲಿ ಒಂದು ಕಡೆ, ರಿಚರ್ಡ್ ಮತ್ತು ರೂಡಿ ಇನ್ನೊಂದು ಕಡೆ. ಓಟು ಎರಡು ಎರಡು, ಸಮ. ಮತ್ತೆ ಓಟು ಹಾಕಿಸಿದಾಗ ಕೆಲ್ಲಿ ತಿರುಗಿಬಿದ್ದಳು! ಸೂ ಮನೆಗೆ ಹೋದಳು, ಎದೆಯಲ್ಲಿ ಬೆಂಕಿ ಹೊತ್ತುಕೊಂಡು.

ಇನ್ನು ಮೂವರು. ಕಂಬದ ಮೇಲೆ ಕೈಯಿಟ್ಟು ನಿಲ್ಲುವ ಪಂದ್ಯ. ಕೊನೆಯವರೆಗೂ ಕೈ ತೆಗೆಯದವರು ಒಬ್ಬರನ್ನು ಹೊರಹಾಕಬಹುದು. ಬಿಸಿಲಲ್ಲಿ ತಾಸುಗಟ್ಟಲೆ ನಿಂತರು. ಆಗ ರಿಚರ್ಡ್ ತಾನಾಗಿಯೇ ಕೈ ತೆಗೆದು ಪಕ್ಕಕ್ಕೆ ಬಂದ!

ಹುಚ್ಚನಾ ಇವನು? ಅಲ್ಲ, ಅವನ ಲೆಕ್ಕ ಕೇಳಿ. ತಾನು ಗೆದ್ದರೆ ರೂಡಿಯನ್ನು ಉಳಿಸಬೇಕು. ರೂಡಿ ಎಲ್ಲರಿಗೂ ಬೇಕಾದವನು, ಅವನೆದುರು ಫೈನಲ್‌ನಲ್ಲಿ ಸೋಲು ಖಚಿತ. ರೂಡಿಯನ್ನು ತಾನೇ ಕಳಿಸಿದರೆ ಮಾತಿಗೆ ತಪ್ಪಿದಂತೆ, ಅವನ ಓಟೂ ಹೋಯಿತು. ಅದೇ ರೂಡಿ ಗೆದ್ದರೆ ಕೊಟ್ಟ ಮಾತಿನಂತೆ ತನ್ನನ್ನು ಉಳಿಸುತ್ತಾನೆ. ಕೆಲ್ಲಿ ಗೆದ್ದರೆ ರೂಡಿಗೆ ಹೆದರಿ ಅವನನ್ನು ಅವಳೇ ಕಳಿಸುತ್ತಾಳೆ. ಹೇಗಾದರೂ ತನ್ನ ಕೈ ಶುದ್ಧ! ಹಾಗೇ ಆಯಿತು. ನಾಲ್ಕು ತಾಸಿನ ಮೇಲೆ ರೂಡಿ ಎಚ್ಚರ ತಪ್ಪಿ ಕೈ ತೆಗೆದ. ಕೆಲ್ಲಿ ಅವನನ್ನು ಕಳಿಸಿದಳು.

ಆದರೆ ಆಟದ ನಿಜವಾದ ಕೊಂಡಿ ಇರೋದು ಇಲ್ಲಿ. ಫೈನಲ್‌ನಲ್ಲಿ ತೀರ್ಪು ಕೊಡುವವರು ಯಾರು? ಕೊನೆಯಲ್ಲಿ ಹೊರಬಿದ್ದ ಆ ಏಳು ಜನ! ಯಾರ ಕತ್ತು ಕುಯ್ದಿರೋ ಅವರ ಮುಂದೆಯೇ ಕೈಮುಗಿದು ನಿಲ್ಲಬೇಕು. ಸೂ ಎದ್ದು ನಿಂತು ಬೆಂಕಿ ಉಗುಳಿದಳು. ಈ ದ್ವೀಪದ ತುಂಬ ಇರೋದು ಹಾವು ಮತ್ತು ಇಲಿ. ರಿಚರ್ಡ್ ಹಾವು, ಕೆಲ್ಲಿ ಇಲಿ. ಪ್ರಕೃತಿಯ ನಿಯಮದಂತೆ ಹಾವೇ ಇಲಿಯನ್ನು ನುಂಗಲಿ ಎಂಬುದು ಅವಳ ಮಾತಿನ ಸಾರ. ಓಟೂ ಹಾವಿಗೇ ಹಾಕಿದಳು. ಪಗಾಂಗಿನ ಗ್ರೆಗ್ ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ ಅಂದ. ರಿಚರ್ಡ್ ಏಳು ಅಂದ, ಕೆಲ್ಲಿ ಮೂರು ಅಂದಳು. ಗ್ರೆಗ್ ಓಟು ರಿಚರ್ಡಿಗೆ. ಮುದುಕ ರೂಡಿಯೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾಲ್ಕಕ್ಕೆ ಮೂರು, ಗೆದ್ದವನು ರಿಚರ್ಡ್!

ನಿಜವಾದ ಹಾವುಗಳು

ಮರುದಿನ ದೋಣಿಯವನು ಪಕ್ಕದ ಪುಟ್ಟ ದ್ವೀಪಕ್ಕೆ ಕರೆದೊಯ್ದ. ಇದನ್ನು ಹಾವಿನ ದ್ವೀಪ ಅಂತಲೇ ಕರೆಯೋದು. ಬಂಡೆಯ ಸಂದಿಯಲ್ಲಿ, ಮರದ ಬುಡದಲ್ಲಿ ಕಪ್ಪು ಪಟ್ಟೆಯ ಕಡಲ ಹಾವುಗಳು ಸುರುಳಿ ಸುತ್ತಿ ಮಲಗಿದ್ದವು. ಘೋರ ವಿಷ. ಆದರೆ ಕೆಣಕದಿದ್ದರೆ ಕಚ್ಚುವುದು ತೀರಾ ಅಪರೂಪ. ಸಮುದ್ರದಲ್ಲಿ ಬೇಟೆಯಾಡಿ, ವಿಶ್ರಾಂತಿಗೆ, ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಪಾಪ, ಇವುಗಳ ಹೆಸರು ಸುಮ್ಮನೆ ಕೆಟ್ಟಿತು ಅನ್ನಿಸಿತು ನನಗೆ!

ಗೆದ್ದ ರಿಚರ್ಡಿನ ಕಥೆಯೂ ಸುಖಾಂತವಾಗಲಿಲ್ಲ. ಆ ಹಣಕ್ಕೆ ತೆರಿಗೆ ಕಟ್ಟದೆ ಸಿಕ್ಕಿಬಿದ್ದು 2006ರಲ್ಲಿ 51 ತಿಂಗಳ ಜೈಲು ಶಿಕ್ಷೆಗೆ ಗುರಿಯಾದ. ರೂಡಿ 2019ರಲ್ಲಿ ತೀರಿಕೊಂಡ.

ನಮ್ಮ ಕನ್ನಡದ 'ಬಿಗ್ ಬಾಸ್' 2013ರಲ್ಲಿ ಲೋಣಾವಳದಲ್ಲಿ ಶುರುವಾಗಿ 2015ರಲ್ಲಿ ಬಿಡದಿಗೆ ಬಂತು. ಅಲ್ಲಿಯೂ ಕೂಟ, ಪಿಸುಮಾತು, ನಾಮಿನೇಷನ್ ಲೆಕ್ಕಾಚಾರ ಎಲ್ಲ ಉಂಟು. ಆದರೆ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ಮನೆಯವರು ಹೆಸರು ಸೂಚಿಸಬಹುದು, ಉಳಿಸುವ ಓಟು ನಿಮ್ಮದು. ಆದ್ದರಿಂದಲೇ ಒಳಗೆ ಒಂಟಿಯಾದವನು ಹೊರಗೆ ಹೀರೋ ಆಗಬಲ್ಲ. ಪುಲಾವ್ ತೀಗಾದಲ್ಲಿ ಪ್ರೇಕ್ಷಕನಿಗೆ ಓಟಿರಲಿಲ್ಲ. ಎದುರಿಗಿದ್ದವನ ಮನಸ್ಸೇ ಎಲ್ಲ.

ಗೆಳೆಯರೇ, ಮುಂದಿನ ಸಲ ಇಂಥ ಆಟ ನೋಡುವಾಗ ಕೂಗಾಡುವವನ ಮೇಲೆ ಕಣ್ಣಿಡಬೇಡಿ. ಸುಮ್ಮನೆ ಅಡುಗೆಗೆ ಮೀನು ತಂದುಕೊಡುವವನನ್ನು ಗಮನಿಸಿ. ಎಣಿಸುತ್ತಿರುವವನು ಅವನೇ. ಆದರೆ ಜೀವನದಲ್ಲಿ ಜೊತೆಗೆ ಯಾರಿರಬೇಕು ಅಂತ ನನ್ನನ್ನು ಕೇಳಿದರೆ, ನಾನು ಕೈ ತೋರಿಸೋದು ಮುದುಕ ರೂಡಿಯ ಕಡೆಗೆ.