ಎಲ್ಲಿಯವರೆಗೆ ಸರಿಯಿದೆ?

ಬಂಧುಬಳಗದಲ್ಲಿ ಯಾರ ಲ್ಯಾಪ್‌ಟಾಪ್ ಮುಷ್ಕರ ಹೂಡಿದರೂ ನನಗೊಂದು ಫೋನು ಬರುತ್ತದೆ. "ಆನೇ ಆಗ್ತಿಲ್ಲ, ಸ್ವಲ್ಪ ನೋಡ್ತೀಯಾ?" ಈ ಮಾತು ಕಿವಿಗೆ ಬಿದ್ದರೆ ನನಗೆ ಹಬ್ಬ. ಇದು ನನ್ನ ಹೊಟ್ಟೆಪಾಡಿನ ಕಸುಬಲ್ಲ. ಕೆಲವರು ಪದಬಂಧ ಬಿಡಿಸುತ್ತಾರೆ, ಕೆಲವರು ಚದುರಂಗ ಆಡುತ್ತಾರೆ. ನಾನು ಏಳಲೊಲ್ಲದ ಲ್ಯಾಪ್‌ಟಾಪನ್ನೂ ಸಿಗದ ವೈಫೈಯನ್ನೂ ಎದುರಿಗಿಟ್ಟುಕೊಂಡು ಕೂರುತ್ತೇನೆ.

ಹೊತ್ತು ಹೋದದ್ದೇ ತಿಳಿಯದ ಈ ಆಟಕ್ಕೆ ಇರುವುದು ಒಂದೇ ಪ್ರಶ್ನೆ. ಎಲ್ಲರೂ "ಏನು ಕೆಟ್ಟಿದೆ?" ಎಂದು ಕೇಳುತ್ತಾರೆ. ನಾನು "ಎಲ್ಲಿಯವರೆಗೆ ಸರಿಯಿದೆ?" ಎಂದು ಶುರುಮಾಡುತ್ತೇನೆ. ತೋಟಕ್ಕೆ ನೀರು ಬಾರದಿದ್ದಾಗ ರೈತ ಕಾಲುವೆಯ ಗುಂಟ ನಡೆದುಹೋಗಿ, ನೀರು ಯಾವ ತಿರುವಿನವರೆಗೆ ಬಂದಿದೆ ಎಂದು ನೋಡುತ್ತಾನಲ್ಲ, ಹಾಗೆ. ನೀರು ನಿಂತ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

"ಆನ್ ಆಗ್ತಿಲ್ಲ" ಎಂಬುದರಲ್ಲೇ ಎಷ್ಟು ಬಗೆ! ದೀಪವೇ ಹೊತ್ತದಿರುವುದು ಒಂದು. ದೀಪ ಹೊತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿರುವುದು ಇನ್ನೊಂದು. ಕಂಪನಿಯ ಲಾಂಛನ ಬಂದು ಅಲ್ಲೇ ನಿಲ್ಲುವುದು ಮತ್ತೊಂದು. ಗುಂಡಿ ಒತ್ತಿದ ಮೇಲೆ ಮೊದಲು ಬೋರ್ಡಿಗೆ ಕರೆಂಟು ಹರಿಯಬೇಕು. ಆಮೇಲೆ ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್ (ಹೊಸ ಯಂತ್ರಗಳಲ್ಲಾದರೆ ಯುಇಎಫ್‌ಐ) ಪ್ರೊಸೆಸರ್, ಮೆಮೊರಿಗಳೆಲ್ಲ ನೆಟ್ಟಗಿವೆಯೇ ಎಂದು ಪರೀಕ್ಷಿಸುತ್ತದೆ. ಡಿಸ್ಕ್ ಹುಡುಕುತ್ತದೆ. ಡಿಸ್ಕಿನಲ್ಲಿರುವ ಪುಟ್ಟ ಬೂಟ್‌ಲೋಡರ್ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ. ಕರ್ನಲ್ ಮಿಕ್ಕವರನ್ನೆಲ್ಲ ಎಬ್ಬಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ನಡೆದುಹೋಗುವ ಈ ಪಯಣ, ಯಂತ್ರ ಚೆನ್ನಾಗಿರುವಷ್ಟು ದಿನ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಎಲ್ಲಾದರೂ ನಿಂತಾಗ ಮಾತ್ರ ಅದರ ದಾರಿ ಕಾಣುತ್ತದೆ. ನನಗೆ ಈ ಕೆಲಸ ಇಷ್ಟವಾಗಲು ಮುಖ್ಯ ಕಾರಣವೇ ಅದು.

ದೀಪವೇ ಹೊತ್ತದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತೇನೆ. ಬೋರ್ಡಿನಲ್ಲಿ ಉಳಿದ ಚೂರುಪಾರು ವಿದ್ಯುತ್ತು ಖಾಲಿಯಾಗಿ, ಎಷ್ಟೋ ಸಲ ಯಂತ್ರ ಅಷ್ಟಕ್ಕೇ ಎದ್ದು ಕೂರುತ್ತದೆ. ಪರದೆ ಕಪ್ಪಾಗಿದ್ದರೆ ಟಾರ್ಚ್ ಓರೆಯಾಗಿ ಹಿಡಿದು ನೋಡುತ್ತೇನೆ; ಮಸುಕಾಗಿ ಚಿತ್ರ ಕಂಡರೆ ಯಂತ್ರ ಬದುಕಿದೆ, ಸತ್ತದ್ದು ಪರದೆಯ ಹಿಂದಿನ ಬೆಳಕು ಮಾತ್ರ. ಬೀಪ್ ಸದ್ದನ್ನೂ ಕ್ಯಾಪ್ಸ್‌ಲಾಕ್ ದೀಪ ಮಿಣುಕುವ ಲಯವನ್ನೂ ಎಣಿಸುತ್ತೇನೆ. ಒಂದೊಂದು ತಯಾರಕರದು ಒಂದೊಂದು ಸಂಕೇತ. ಅದು ಮೆಮೊರಿಯತ್ತ ಬೆರಳು ತೋರಿಸಿದರೆ ರ್‍ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸುತ್ತೇನೆ. ಆ 'ಕ್ಲಿಕ್' ನನಗೆ ಬಲು ಪ್ರಿಯವಾದ ಸದ್ದು.

ಲಿನಕ್ಸ್ ಇರುವ ಯಂತ್ರವಾದರಂತೂ ಇನ್ನೂ ಸೊಗಸು. ಗ್ರಬ್ ಎಂಬ ಬೂಟ್‌ಲೋಡರಿನ ಮೆನುವಿನಲ್ಲಿ 'ಇ' ಒತ್ತಿ, 'ಕ್ವಯೆಟ್', 'ಸ್ಪ್ಲ್ಯಾಶ್' ಎಂಬ ಎರಡು ಪದ ಅಳಿಸಿದರೆ ಸಾಕು, ಚಂದದ ಮುಖಪರದೆ ಸರಿದು ಬಿಳಿ ಅಕ್ಷರದ ಸಾಲುಗಳು ದಡದಡನೆ ಹರಿಯುತ್ತವೆ. ಎಲ್ಲಿ ನಿಂತಿತೋ ಆ ಸಾಲೇ ಸುಳಿವು. ಗ್ರಾಫಿಕ್ಸ್ ಡ್ರೈವರಿನ ತಕರಾರೆಂಬ ಗುಮಾನಿಯಿದ್ದರೆ ಅದೇ ಜಾಗದಲ್ಲಿ 'ನೋಮೋಡ್‌ಸೆಟ್' ಸೇರಿಸಿ ನೋಡಬಹುದು. ಯಾವುದಕ್ಕೂ ಬಗ್ಗದಿದ್ದರೆ, ಡಿಸ್ಕಿನ ಹಂಗಿಲ್ಲದೆ ಯಂತ್ರವನ್ನು ಎಬ್ಬಿಸುವ ಲೈವ್ ಪೆನ್‌ಡ್ರೈವ್ ಇದೆ. ಅದರಿಂದ ಯಂತ್ರ ಸರಾಗವಾಗಿ ಎದ್ದರೆ ಬೋರ್ಡು, ಮೆಮೊರಿ, ಪರದೆ ಬಹುಮಟ್ಟಿಗೆ ನಿರ್ದೋಷಿಗಳು. ಅನುಮಾನ ಡಿಸ್ಕಿನ ಮೇಲೋ ಅದರಲ್ಲಿರುವ ವ್ಯವಸ್ಥೆಯ ಮೇಲೋ ಉಳಿಯುತ್ತದೆ.

ವೈಫೈಯದೂ ಇದೇ ಕಥೆ. ಮೊದಲು, ಕಾರ್ಡು ಯಂತ್ರದ ಕಣ್ಣಿಗೆ ಬಿದ್ದಿದೆಯೇ? ಬಿದ್ದಿದ್ದರೆ ಅದನ್ನು ಯಾರಾದರೂ ಆಫ್ ಮಾಡಿದ್ದಾರೆಯೇ? ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ವೈಫೈಗೆಂದೇ ಒಂದು ಸಣ್ಣ ಜಾರುಗುಂಡಿ ಇರುತ್ತಿತ್ತು. ಚೀಲದಲ್ಲಿ ತಗುಲಿ ಅದು ಸರಿದುಬಿಟ್ಟರೆ ಯಾವ ತಂತ್ರಾಂಶವೂ ಏನೂ ಮಾಡಲಾರದು. ಆಮೇಲೆ ರೂಟರಿನಿಂದ ವಿಳಾಸ ಸಿಕ್ಕಿದೆಯೇ? 169.254 ಎಂದು ಶುರುವಾಗುವ ಸಂಖ್ಯೆ ಕಂಡರೆ ವಿಳಾಸ ಸಿಕ್ಕಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಸಿಕ್ಕಿದ್ದರೆ ರೂಟರನ್ನು ಪಿಂಗ್ ಮಾಡು (ಇದ್ದೀಯಾ ಎಂದು ಕೂಗಿ ಕೇಳು), ಆಮೇಲೆ ಹೊರಗಿನ 8.8.8.8 ಅನ್ನು, ಕೊನೆಗೆ ಒಂದು ಜಾಲತಾಣದ ಹೆಸರನ್ನು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತೊಂದರೆ ಬಹುಮಟ್ಟಿಗೆ, ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್‌ನಲ್ಲಿದೆ. ಒಂದೊಂದು ಉತ್ತರ ಬಂದಂತೆ ಅನುಮಾನದ ಸೀಮೆ ಕಿರಿದಾಗುತ್ತ ಹೋಗುವ ಸುಖವೇ ಬೇರೆ.

ಗಾಳಿಯಲ್ಲೂ ಗಲಾಟೆ ಉಂಟು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11, ಮೂರೇ. ಅಪಾರ್ಟ್‌ಮೆಂಟಿನ ರೂಟರುಗಳೆಲ್ಲ ಅವನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಇನ್ನು ಆಂಟೆನಾ. ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಅದು ಇರುವುದು ಪರದೆಯ ಚೌಕಟ್ಟಿನೊಳಗೆ. ಅಲ್ಲಿಂದ ತೆಳ್ಳನೆಯ ತಂತಿಗಳು ಕೀಲಿನ ಮೂಲಕ ಕೆಳಗಿನ ಕಾರ್ಡಿಗೆ ಇಳಿಯುತ್ತವೆ. ಮುಚ್ಚಳ ಅಲ್ಲಾಡಿಸಿದಾಗ ಸಿಗ್ನಲ್ ಏರಿಳಿದರೆ ಕೀಲಿನೊಳಗೆ ತಂತಿ ಸವೆದಿರಬಹುದು. ಅಂಥ ಬಿಡಿಭಾಗಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಅಲೆಯುವುದೂ ಈ ಹವ್ಯಾಸದ ಒಂದು ರುಚಿ.

ಬೂಟಿನ ರೋಗವೂ ನೆಟ್ಟಿನ ರೋಗವೂ ಒಂದೇ ಎಂದು ಗೊತ್ತಾಗುವ ಗಳಿಗೆಗಳು ಎಲ್ಲಕ್ಕಿಂತ ಚಂದ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹಳೆಯ ಲ್ಯಾಪ್‌ಟಾಪ್ ತಂದು, "ವೈಫೈ ಫುಲ್ ತೋರಿಸ್ತದೆ ಕಣಪ್ಪ, ಯಾವ ಪೇಜೂ ಬರ್ತಿಲ್ಲ" ಎಂದರು. ಪಿಂಗ್‌ಗೆ ಉತ್ತರ ಬಂತು, ಹೆಸರಿಗೂ ಬಂತು. ಬ್ರೌಸರ್ ಮಾತ್ರ ಪ್ರತಿ ತಾಣವೂ ಅಸುರಕ್ಷಿತ ಎನ್ನುತ್ತಿತ್ತು. "ಮೇಷ್ಟ್ರೇ, ಇದು ಆನ್ ಆಗುವಾಗ ಏನಾದರೂ ಕೇಳುತ್ತದೆಯೇ?" ಎಂದೆ. "ದಿನಾ ತಾರೀಖು ತಪ್ಪು ಅಂತದೆ, ನಾನು ಎಂಟರ್ ಒತ್ತಿ ಮುಂದೆ ಹೋಗ್ತೀನಿ" ಎಂದರು. ಬೋರ್ಡಿನ ಗಡಿಯಾರವನ್ನು ನಡೆಸುವ ಬಿಲ್ಲೆಯಂಥ 3 ವೋಲ್ಟಿನ ಸೆಲ್ ಸತ್ತಿತ್ತು. ಯಂತ್ರ ಎಷ್ಟೋ ವರ್ಷ ಹಿಂದಿನ ಕಾಲದಲ್ಲಿತ್ತು. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಶುರುವಿನ ದಿನಾಂಕವೂ ಕೊನೆಯ ದಿನಾಂಕವೂ ಇರುತ್ತವೆ. ಆ ಯಂತ್ರದ ಲೆಕ್ಕದಲ್ಲಿ ಅವು ಯಾವುವೂ ಇನ್ನೂ ಹುಟ್ಟಿರಲಿಲ್ಲ. ಹೊಸ ಸೆಲ್ ಹಾಕಿ ತಾರೀಖು ತಿದ್ದಿದೆವು. ಪೇಜುಗಳೆಲ್ಲ ಬಂದವು.

ಯಂತ್ರ ಸುಳ್ಳು ಹೇಳುವುದಿಲ್ಲ. ಅದು ಹೇಳಿದ್ದನ್ನು ಕೇಳಲು ವ್ಯವಧಾನ ಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸುವ ಶಿಸ್ತು ಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಎದ್ದರೂ ನಮಗೆ ತಿಳಿವಳಿಕೆ ದಕ್ಕುವುದಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಕೈಕೊಟ್ಟ ದಿನ ಯಾರಾದರೂ "ಫಾರ್ಮ್ಯಾಟ್ ಮಾಡಿಸಿಬಿಡಿ" ಎಂದರೆ ಕೂಡಲೇ ತಲೆಯಾಡಿಸಬೇಡಿ. ಮೊದಲು ಲೈವ್ ಪೆನ್‌ಡ್ರೈವಿನಿಂದ ಎಬ್ಬಿಸಿ ನಿಮ್ಮ ಫೋಟೊ, ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಆಮೇಲೆ ನಿಧಾನವಾಗಿ ಕುಳಿತು, ಎಲ್ಲಿಯವರೆಗೆ ಸರಿಯಿದೆ ಎಂದು ಕೇಳುತ್ತಾ ಹೋಗಿ.